ಬಸುರಿಗೆ ಲಸಿಕೆ: ಒಬ್ಬರು ಹಾಕಿಸಿ, ಇನ್ನೊಬ್ಬರು ಬೇಡ ಅಂದಾಗ ತೂಗಿ ನೋಡುವ ಬಗೆ

ಡಾಕ್ಟರು ಚೀಟಿಯಲ್ಲಿ ಲಸಿಕೆ ಬರೆದುಕೊಟ್ಟಿರುತ್ತಾರೆ. ಮನೆಗೆ ಬಂದರೆ ಅತ್ತೆ, 'ನಮ್ಮ ಕಾಲದಲ್ಲಿ ಇಷ್ಟೆಲ್ಲ ಚುಚ್ಚಿಸಿಕೊಳ್ತಿರಲಿಲ್ಲ' ಅನ್ನುತ್ತಾರೆ. ವಾಟ್ಸ್‌ಆ್ಯಪ್ ಗ್ರೂಪಿಗೆ ಗರ್ಭಪಾತದ ಲೆಕ್ಕ ಹೇಳುವ ವಿಡಿಯೊ ಬಂದಿರುತ್ತದೆ. ಡಬ್ಬಿಯೊಳಗಿನ ಸಣ್ಣಕ್ಷರದ ಹಾಳೆ ಬಿಡಿಸಿದರೆ ಅಲ್ಲಿ 'ಗರ್ಭಿಣಿಯರ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲ' ಎಂದು ಬರೆದಿದೆ. ಯಾರನ್ನು ನಂಬುವುದು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಪ್ರಶ್ನೆಯನ್ನು ಒಡೆದು ನೋಡಿ. 'ಬಸುರಿಯಲ್ಲಿ ಲಸಿಕೆ ಸುರಕ್ಷಿತವಾ' ಎಂದು ಒಟ್ಟಾಗಿ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ಯಾವ ಲಸಿಕೆ, ಎಷ್ಟನೇ ವಾರ, ಯಾವ ಕಾಯಿಲೆಗೆ, ಹಾಕಿಸದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಕೇಳಿದರೆ ಹೆಚ್ಚಿನ ಗೊಂದಲ ಅಲ್ಲೇ ಕರಗುತ್ತದೆ.

ಅದು ಯಾವ ಇಂಜೆಕ್ಷನ್?

'ಏಳನೇ ತಿಂಗಳಲ್ಲಿ ಇಂಜೆಕ್ಷನ್ ಹಾಕಿಸಿದ ಮೇಲೇ ಹಾಗಾಗಿದ್ದು' ಎಂಬ ಮಾತು ಕಿವಿಗೆ ಬಿದ್ದರೆ ಮೊದಲು ಇದನ್ನೇ ಕೇಳಬೇಕು. ಒಂಬತ್ತು ತಿಂಗಳಲ್ಲಿ ಬಸುರಿಗೆ ಚುಚ್ಚುವುದರಲ್ಲಿ ಲಸಿಕೆ ಎರಡೋ ಮೂರೋ ಅಷ್ಟೆ. ರಕ್ತ ಕಡಿಮೆ ಇದ್ದವರಿಗೆ ಕಬ್ಬಿಣಾಂಶದ ಡ್ರಿಪ್ ಹಾಕುತ್ತಾರೆ. ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇದ್ದವರಿಗೆ 28ನೇ ವಾರದ ಹೊತ್ತಿಗೆ ಆ್ಯಂಟಿ-ಡಿ ಕೊಡುತ್ತಾರೆ. ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಪ್ರೊಜೆಸ್ಟರಾನ್, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಇದ್ದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್. ಇವು ಯಾವುವೂ ಲಸಿಕೆ ಅಲ್ಲ. ಸ್ಟೀರಾಯ್ಡ್ ಕೊಡುವುದೇ ಬೇಗ ಹೆರಿಗೆಯಾದೀತು ಎಂಬ ಭಯಕ್ಕೆ. ಕೊಟ್ಟ ಎರಡೇ ದಿನಕ್ಕೆ ಹೆರಿಗೆಯಾದರೆ ಅಕ್ಕಪಕ್ಕದವರು 'ಸೂಜಿ ಚುಚ್ಚಿಸಿ ಹೀಗಾಯ್ತು' ಅನ್ನುತ್ತಾರೆ, ಮಾತು ಮೂರನೇ ಮನೆಗೆ ಹೋಗುವಷ್ಟರಲ್ಲಿ ಸೂಜಿ ಲಸಿಕೆಯಾಗಿರುತ್ತದೆ.

ನಿಮ್ಮ ವಿಷಯದಲ್ಲೂ ಅಷ್ಟೇ. ತಾಯಿ ಕಾರ್ಡಿನಲ್ಲೋ ಡಾಕ್ಟರ ಚೀಟಿಯಲ್ಲೋ ಇರುವ ಹೆಸರನ್ನು ಒಂದು ಹಾಳೆಗೆ ಬರೆದುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಾದರೆ ಅದು ಟಿ.ಡಿ., ಎಂದರೆ ಧನುರ್ವಾಯು ಮತ್ತು ಗಂಟಲಮಾರಿ ಎರಡಕ್ಕೂ ಸೇರಿದ ಲಸಿಕೆ. ಮೊದಲು ಇದ್ದ ಟಿ.ಟಿ.ಯ ಜಾಗಕ್ಕೆ ಬಂದದ್ದು. ಎಷ್ಟೋ ಕಡೆ ಇವತ್ತಿಗೂ ಬಾಯಲ್ಲಿ, ಚೀಟಿಯಲ್ಲಿ ಟಿ.ಟಿ. ಎಂದೇ ಇರುತ್ತದೆ. ಖಾಸಗಿಯಲ್ಲಾದರೆ ಇದರ ಜೊತೆಗೆ ನಾಯಿಕೆಮ್ಮಿನ ಅಂಶವೂ ಸೇರಿದ ಟಿಡ್ಯಾಪ್ ಇರಬಹುದು, ಚೀಟಿಯಲ್ಲಿ ಬೂಸ್ಟ್ರಿಕ್ಸ್ ಅಥವಾ ಅಡಾಸೆಲ್ ಎಂಬ ಹೆಸರಿನಲ್ಲಿ. ಇನ್ನೊಂದು ಫ್ಲೂ ಲಸಿಕೆ.

ಜೀವಂತವೋ, ನಿಷ್ಕ್ರಿಯವೋ

ಹೆಸರು ಗೊತ್ತಾದ ಮೇಲೆ ಕೇಳಬೇಕಾದ್ದು ಇದೊಂದೇ: ಲಸಿಕೆಯೊಳಗೆ ಬದುಕಿರುವ ವೈರಾಣು ಇದೆಯಾ? ಎಂ.ಎಂ.ಆರ್. (ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಸೇರಿದ್ದು), ಚಿಕನ್‌ಪಾಕ್ಸ್, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ, ಹಳದಿ ಜ್ವರದ ಲಸಿಕೆ ಇವುಗಳಲ್ಲಿ ಬಲ ಕುಂದಿಸಿದ, ಆದರೆ ಜೀವಂತ ವೈರಾಣು ಇರುತ್ತದೆ. ಅದು ಮಗುವಿಗೆ ದಾಟಬಹುದು ಎಂಬ ಶಂಕೆಯಿಂದ ಬಸುರಿಯಲ್ಲಿ ಇವನ್ನು ಹಾಕುವುದಿಲ್ಲ. ಮಗುವಿಗೆ ಪ್ಲಾನ್ ಮಾಡುತ್ತಿರುವವರು ಎಂ.ಎಂ.ಆರ್. ಅಥವಾ ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಕೊಂಡರೆ ಕನಿಷ್ಠ ಒಂದು ತಿಂಗಳು ಬಿಟ್ಟು ಬಸಿರಾಗುವುದು ಸರಿ. ಹಳದಿ ಜ್ವರದ್ದಕ್ಕೆ ಮಾತ್ರ ಒಂದು ವಿನಾಯಿತಿ: ಆ ಕಾಯಿಲೆ ಇರುವ ಆಫ್ರಿಕಾದ ಅಥವಾ ದಕ್ಷಿಣ ಅಮೆರಿಕದ ದೇಶಕ್ಕೆ ಹೋಗಲೇಬೇಕಾದರೆ ಕಾಯಿಲೆಯ ಅಪಾಯವನ್ನು ಲಸಿಕೆಯ ಶಂಕೆಯ ಜೊತೆ ತೂಗಿ ಡಾಕ್ಟರು ಹಾಕಬಹುದು. ಪ್ರಯಾಣ ಮುಂದೂಡುವುದು ಅದಕ್ಕಿಂತ ಸುಲಭ.

ಟಿ.ಡಿ., ಟಿಡ್ಯಾಪ್, ಸೂಜಿಯ ಫ್ಲೂ ಲಸಿಕೆ, ಹೆಪಟೈಟಿಸ್ ಬಿ, ರೇಬೀಸ್ ಇವುಗಳಲ್ಲಿ ಬದುಕಿರುವುದು ಏನೂ ಇಲ್ಲ. ಸತ್ತ ವೈರಾಣು, ಅಥವಾ ರೋಗಾಣುವಿನ ಒಂದು ತುಣುಕು, ಅಥವಾ ವಿಷಗುಣ ತೆಗೆದ ಅದರ ವಿಷ. ಇವು ಮೈಯಲ್ಲಿ ಬೆಳೆಯುವುದಿಲ್ಲ, ಮಗುವಿಗೆ ಸೋಂಕು ತಗುಲಿಸಲಾರವು. 'ಬಸುರಿಯರು ಲಸಿಕೆ ಹಾಕಿಸಿಕೊಳ್ಳಬಾರದು' ಎಂಬ ಸಾರಾಸಗಟು ಮಾತಿನ ಬೇರು ಬಹುಪಾಲು ಮೊದಲನೇ ಗುಂಪಿನ ನಿಯಮವನ್ನು ಎರಡನೆಯದಕ್ಕೂ ಎಳೆದದ್ದರಲ್ಲಿದೆ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಇವೆರಡರ ನಡುವೆ ಗೊಂದಲ ಹುಟ್ಟಿಸುತ್ತದೆ. ಅದು ಜೀವಂತ ಅಲ್ಲ, ಆದರೂ ಬಸುರಿಯಲ್ಲಿ ಹಾಕುವುದಿಲ್ಲ, ಏಕೆಂದರೆ ಒಂಬತ್ತು ತಿಂಗಳು ತಡವಾದರೆ ನಷ್ಟವೇನೂ ಇಲ್ಲ. ಒಂದು ಡೋಸ್ ಆದ ಮೇಲೆ ಬಸಿರು ಗೊತ್ತಾದರೆ ಉಳಿದದ್ದನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಿ, ಬೇರೇನೂ ಮಾಡಬೇಕಾಗಿಲ್ಲ.

ವಾರದ ಲೆಕ್ಕ

ಟಿ.ಡಿ.ಗೆ ಸರ್ಕಾರದ ಕ್ರಮ ಹೀಗಿದೆ. ಬಸಿರು ಖಚಿತವಾದ ಕೂಡಲೇ ಮೊದಲ ಡೋಸ್, ಅದಾದ ನಾಲ್ಕು ವಾರಕ್ಕೆ ಎರಡನೆಯದು. ಪ್ರತಿ ಸಲ 0.5 ಮಿ.ಲೀ., ತೋಳಿನ ಮೇಲ್ಭಾಗದ ಮಾಂಸಖಂಡಕ್ಕೆ. ಹಿಂದಿನ ಬಸಿರಿನಲ್ಲಿ ಎರಡೂ ಡೋಸ್ ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾಗಿದ್ದರೆ ಒಂದೇ ಬೂಸ್ಟರ್ ಸಾಕು. 36 ವಾರದೊಳಗೆ ಮುಗಿಸುವುದು ಒಳ್ಳೆಯದು. ದಾಟಿದ್ದರೂ ಹಾಕುತ್ತಾರೆ, ಒಂದೂ ಆಗದೆ ಹೆರಿಗೆ ನೋವಿನಲ್ಲೇ ಬಂದವರಿಗೂ ಹಾಕುತ್ತಾರೆ. ಹಳೆಯ ಕಾರ್ಡ್ ಕಳೆದುಹೋಗಿದ್ದರೆ 'ಹಾಕಿಸಿದ್ದೆ ಅಂತ ಕಾಣುತ್ತೆ' ಎಂದು ಅಂದಾಜಿನಲ್ಲಿ ಹೇಳಬೇಡಿ. ಗೊತ್ತಿಲ್ಲ ಎಂದರೆ ಎರಡು ಡೋಸಿನ ಲೆಕ್ಕ ಹಿಡಿಯುತ್ತಾರೆ, ಅದು ಸುರಕ್ಷಿತ ದಾರಿ.

ಟಿಡ್ಯಾಪ್‌ಗೆ ಭಾರತದ ಪ್ರಸೂತಿ ತಜ್ಞರ ಒಕ್ಕೂಟ ಫಾಗ್ಸಿ ಹೇಳುವುದು 27ರಿಂದ 36ನೇ ವಾರ. ಈ ಕಿಟಕಿಗೆ ಕಾರಣ ಇದೆ. ಲಸಿಕೆ ಬಿದ್ದ ಮೇಲೆ ತಾಯಿಯ ರಕ್ತದಲ್ಲಿ ರೋಗನಿರೋಧಕ ಕಣಗಳು ಏರಲು ಸುಮಾರು ಎರಡು ವಾರ ಬೇಕು, ಅವು ಮಾಸುವಿನ ಮೂಲಕ ಮಗುವಿಗೆ ದಾಟುವುದು ಕೊನೆಯ ಮೂರು ತಿಂಗಳಲ್ಲಿ ಜೋರಾಗಿರುತ್ತದೆ. ಬಹಳ ಮೊದಲೇ ಹಾಕಿಸಿದರೆ ದಾಟುವ ಹೊತ್ತಿಗೆ ಕಣಗಳು ಇಳಿದಿರುತ್ತವೆ. 38ನೇ ವಾರಕ್ಕೆ ಹಾಕಿಸಿದರೆ ದಾಟಲು ಸಮಯ ಸಾಲದು. ಸಾಮಾನ್ಯವಾಗಿ ಎರಡನೇ ಟಿ.ಡಿ.ಯ ಬದಲು ಇದನ್ನು ಹಾಕುತ್ತಾರೆ. ಐದನೇ ತಿಂಗಳಿಗೇ ಎರಡೂ ಟಿ.ಡಿ. ಮುಗಿಸಿಬಿಟ್ಟವರು ಟಿಡ್ಯಾಪ್ ಬೇಕೆಂದರೆ ಆಗ 'ಟಿ.ಟಿ. ಹೆಚ್ಚಾಯ್ತು' ಎಂಬ ಆಕ್ಷೇಪ ಬರುತ್ತದೆ. ಹತ್ತಿರ ಹತ್ತಿರ ಹಾಕಿಸಿದರೆ ತೋಳಿನ ಊತ, ನೋವು ಜಾಸ್ತಿ ಆಗಬಹುದು ಎಂಬುದು ನಿಜ. ಮಗುವಿಗೆ ಅದರಿಂದ ತೊಂದರೆ ಎಂಬುದು ಕಂಡುಬಂದಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಟಿಡ್ಯಾಪ್ ಇಲ್ಲ, ಹಾಗಾಗಿ ಆಶಾ ಕಾರ್ಯಕರ್ತೆ ಅದರ ಬಗ್ಗೆ ಏನೂ ಹೇಳದಿದ್ದರೆ ಅದು ಅಪಾಯಕಾರಿ ಎಂದು ಅರ್ಥ ಅಲ್ಲ.

ಫ್ಲೂ ಲಸಿಕೆ ಯಾವ ತಿಂಗಳಿನಲ್ಲಾದರೂ ಆಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಅದಕ್ಕೆ ಮೊದಲು ಹಾಕಿಸಿದರೆ ಲಾಭ ಹೆಚ್ಚು. ಡಬ್ಬಿಯ ಮೇಲೆ ಯಾವ ವರ್ಷದ ತಯಾರಿ ಎಂದು ಬರೆದಿರುತ್ತದೆ, ಹಳೆಯ ವರ್ಷದ್ದು ಉಳಿದಿದ್ದರೆ ಬೇಡ ಅನ್ನಿ.

ತಕ್ಕಡಿಯ ಇನ್ನೊಂದು ತಟ್ಟೆ

ವಿಡಿಯೊಗಳು ತೋರಿಸುವುದು ಒಂದೇ ತಟ್ಟೆ, ಲಸಿಕೆಯ ಅಪಾಯ. ಎದುರಿನದರಲ್ಲಿ ಕಾಯಿಲೆ ಇರಬೇಕು.

ನವಜಾತ ಶಿಶುವಿನ ಧನುರ್ವಾಯು ಇಂದಿನವರಿಗೆ ಹೆಸರಷ್ಟೇ ಗೊತ್ತು. ಹೊಕ್ಕುಳ ಬಳ್ಳಿ ಕತ್ತರಿಸಿದ ಜಾಗದಿಂದ ರೋಗಾಣು ಸೇರಿ, ಹುಟ್ಟಿದಾಗ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಕೆಲವೇ ದಿನದಲ್ಲಿ ದವಡೆ ಬಿಗಿದು ಕುಡಿಯಲಾಗದೆ ಮೈ ಸೆಟೆಯುತ್ತಿತ್ತು. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಬಸುರಿಯರಿಗೆ ಟಿ.ಟಿ. ಇತ್ತು, ನಿಮ್ಮ ಅತ್ತೆಗೂ ಆಗಿರುವ ಸಾಧ್ಯತೆ ದೊಡ್ಡದು, ನೆನಪಿಸಿ ಕೇಳಿ. ಭಾರತದಲ್ಲಿ ತಾಯಿ ಮತ್ತು ಶಿಶುವಿನ ಧನುರ್ವಾಯು ನಿವಾರಣೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ, ಎಂದರೆ ಪ್ರತಿ ಜಿಲ್ಲೆಯಲ್ಲೂ ಸಾವಿರ ಜೀವಂತ ಜನನಕ್ಕೆ ಒಂದಕ್ಕಿಂತ ಕಡಿಮೆ. ರೋಗಾಣು ಮಾತ್ರ ಮಣ್ಣಿನಲ್ಲಿ, ಸಗಣಿಯಲ್ಲಿ ಈಗಲೂ ಇದೆ.

ನಾಯಿಕೆಮ್ಮು ದೊಡ್ಡವರಿಗೆ ವಾರಗಟ್ಟಲೆ ಕಾಡುವ ಕೆಮ್ಮು, ಎರಡು ತಿಂಗಳೊಳಗಿನ ಕೂಸಿಗೆ ಉಸಿರು ನಿಲ್ಲಿಸುವ ಕಾಯಿಲೆ. ಮಗುವಿಗೆ ನಾಯಿಕೆಮ್ಮೂ ಸೇರಿ ಐದು ಕಾಯಿಲೆ ತಡೆಯುವ ಪೆಂಟಾವೇಲೆಂಟ್ ಲಸಿಕೆ ಶುರುವಾಗುವುದು ಆರನೇ ವಾರಕ್ಕೆ. ಅಲ್ಲಿಯವರೆಗೆ ಅದಕ್ಕಿರುವುದು ಅಮ್ಮನಿಂದ ಬಂದದ್ದು ಮಾತ್ರ. ಬ್ರಿಟನ್ನಿನಲ್ಲಿ 2012ರಲ್ಲಿ ನಾಯಿಕೆಮ್ಮು ಎದ್ದಾಗ ಆ ಅಕ್ಟೋಬರಿನಿಂದ ಬಸುರಿಯರಿಗೆ ಲಸಿಕೆ ಕೊಡತೊಡಗಿದರು. ಮೂರು ತಿಂಗಳೊಳಗಿನ ಶಿಶುಗಳಲ್ಲಿ ಕಾಯಿಲೆ ತಡೆಯುವ ಅದರ ಸಾಮರ್ಥ್ಯ ಸುಮಾರು ಶೇ 91 ಎಂದು ಕಂಡಿತು. ಅದೇ ಕಾರ್ಯಕ್ರಮದ 20,074 ತಾಯಂದಿರನ್ನು ಹಿಂಬಾಲಿಸಿ ನೋಡಿದಾಗ ಸತ್ತು ಹುಟ್ಟುವ ಪ್ರಮಾಣ ಏರಿರಲಿಲ್ಲ.

ಫ್ಲೂ ವಿಷಯದಲ್ಲಿ, ಬಾಂಗ್ಲಾದೇಶದಲ್ಲಿ 340 ತಾಯಂದಿರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲಸಿಕೆ ಪಡೆದ ಅಮ್ಮಂದಿರ ಮಕ್ಕಳಿಗೆ ಮೊದಲ ಆರು ತಿಂಗಳಲ್ಲಿ ಲ್ಯಾಬಿನಲ್ಲಿ ದೃಢಪಟ್ಟ ಫ್ಲೂ ಶೇ 63ರಷ್ಟು ಕಡಿಮೆಯಿತ್ತು. ನಮ್ಮಂಥದೇ ಹವೆ, ನಮ್ಮಂಥದೇ ಮನೆಗಳು ಇರುವ ಜಾಗದ ಲೆಕ್ಕ ಇದು.

ಗರ್ಭಪಾತದ ಅಂಕಿ ಬಂದಾಗ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೆಚ್ಚಿನ ಭಯ ಹುಟ್ಟುವುದು ಇಲ್ಲೇ.

ಬಸಿರು ಗೊತ್ತಾದ ನೂರು ಮಂದಿಯಲ್ಲಿ ಹತ್ತರಿಂದ ಹದಿನೈದು ಮಂದಿಗೆ, ಲಸಿಕೆ ಹಾಕಿಸಲಿ ಬಿಡಲಿ, ಗರ್ಭ ನಿಲ್ಲುವುದಿಲ್ಲ. ಬಹುಪಾಲು ಮೊದಲ ಮೂರು ತಿಂಗಳಲ್ಲಿ. ಸಾವಿರ ಬಸುರಿಯರಲ್ಲಿ 120 ಗರ್ಭಪಾತ, ಅದು ಹತ್ತು ವಾರಗಳಿಗೆ ಹರಡಿದೆ ಎಂದು ಇಟ್ಟುಕೊಳ್ಳಿ: ವಾರಕ್ಕೆ ಹನ್ನೆರಡು. ಆ ಸಾವಿರ ಮಂದಿಗೂ ಒಂದು ಸೋಮವಾರ ಬರೀ ಉಪ್ಪುನೀರು ಚುಚ್ಚಿದರೂ ಮುಂದಿನ ಸೋಮವಾರದೊಳಗೆ ಹನ್ನೆರಡು ಮನೆಯಲ್ಲಿ 'ಚುಚ್ಚಿಸಿದ ವಾರಕ್ಕೇ ಹೋಯ್ತು' ಎಂಬ ಮಾತು ಹುಟ್ಟುತ್ತದೆ. ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಮಾತಿನಿಂದ ಕಾರಣ ತಿಳಿಯುವುದಿಲ್ಲ. ಲಸಿಕೆ ಹಾಕಿಸದ ಸಾವಿರ ಮಂದಿಯಲ್ಲಿ ಎಷ್ಟು ಎಂಬ ಸಂಖ್ಯೆ ಪಕ್ಕದಲ್ಲಿ ಇಲ್ಲದಿದ್ದರೆ ಆ ಪೋಸ್ಟಿನಿಂದ ಏನನ್ನೂ ತೀರ್ಮಾನಿಸಲಾಗದು.

ಛೇದ ಯಾವುದು, ಎಂದರೆ ಎಷ್ಟು ಮಂದಿಯಿಂದ ಭಾಗಿಸಿದರು ಎಂದು ನೋಡುವುದನ್ನು ಒಂದು ನಿಜ ಉದಾಹರಣೆಯಲ್ಲಿ ಮಾಡಿ ತೋರಿಸಬಹುದು. 2021ರಲ್ಲಿ ಅಮೆರಿಕದ ಕೋವಿಡ್ ಲಸಿಕೆಯ ಅಧ್ಯಯನವೊಂದನ್ನು ಹಿಡಿದು 'ಲಸಿಕೆ ಪಡೆದವರಲ್ಲಿ ಶೇ 82 ಗರ್ಭಪಾತ' ಎಂಬ ಸುದ್ದಿ ಜಗತ್ತೆಲ್ಲ ಸುತ್ತಿತು. ಮೂಲದಲ್ಲಿ ಇದ್ದದ್ದು ಇಷ್ಟು: ನೋಂದಾಯಿಸಿದ 3,958 ಬಸುರಿಯರಲ್ಲಿ ಅಧ್ಯಯನ ಬರೆಯುವ ಹೊತ್ತಿಗೆ 827 ಮಂದಿಯ ಬಸಿರು ಒಂದಲ್ಲ ಒಂದು ರೀತಿ ಮುಗಿದಿತ್ತು. ಅದರಲ್ಲಿ 104 ಗರ್ಭಪಾತ. ಆ 827ರಲ್ಲಿ 700 ಮಂದಿ ಲಸಿಕೆ ಪಡೆದದ್ದು ಕೊನೆಯ ಮೂರು ತಿಂಗಳಲ್ಲಿ. ಸುದ್ದಿ ಹರಡಿದವರು 827ರಿಂದ 700 ಕಳೆದು, ಉಳಿದ 127ರಿಂದ 104ನ್ನು ಭಾಗಿಸಿ 82 ತಂದರು.

ಕಳೆದದ್ದು ಮೇಲುನೋಟಕ್ಕೆ ಸರಿಯೇ. ಏಳನೇ ತಿಂಗಳಲ್ಲಿ ಲಸಿಕೆ ಪಡೆದವರಿಗೆ ಗರ್ಭಪಾತ ಆಗುವ ಕಾಲ ಆಗಲೇ ಕಳೆದಿರುತ್ತದೆ. ತಪ್ಪು ಬೇರೆ ಕಡೆ ಇದೆ. ಲಸಿಕೆ ಶುರುವಾಗಿ ಕೆಲವೇ ತಿಂಗಳಾಗಿತ್ತು. ಎರಡನೇ ತಿಂಗಳಲ್ಲಿ ಲಸಿಕೆ ಪಡೆದು ಬಸಿರು ಚೆನ್ನಾಗಿ ಮುಂದುವರಿದಿದ್ದವರು ಇನ್ನೂ ಹೆತ್ತೇ ಇರಲಿಲ್ಲ, ಹಾಗಾಗಿ 'ಮುಗಿದ ಬಸಿರು' ಎಂಬ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಆ ಗುಂಪಿನಿಂದ ಅಷ್ಟು ಬೇಗ ಪಟ್ಟಿಗೆ ಬರುವ ದಾರಿ ಒಂದೇ, ಗರ್ಭಪಾತ. ಸೋತವರನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ಸೋಲು ಶೇ 82 ಇರುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಕಾರಣಕ್ಕೆ ಮೂಲ ಲೇಖನದಲ್ಲಿದ್ದ ಶೇ 12.6 ಎಂಬ ಅಂಕಿಯೂ ಸರಿಯಾದ ಛೇದದ ಮೇಲೆ ನಿಂತಿರಲಿಲ್ಲ. ಪತ್ರಿಕೆ ಅದನ್ನು ಆಮೇಲೆ ತಿದ್ದಿತು. ಬಸಿರಿಗೆ ಸ್ವಲ್ಪ ಮೊದಲು ಅಥವಾ 20 ವಾರದೊಳಗೆ ಲಸಿಕೆ ಪಡೆದ 2,456 ಮಂದಿಯನ್ನು 20ನೇ ವಾರದವರೆಗೆ ಹಿಂಬಾಲಿಸಿದ ಮುಂದಿನ ಲೆಕ್ಕದಲ್ಲಿ ಗರ್ಭಪಾತ ಶೇ 14.1, ವಯಸ್ಸಿನ ವ್ಯತ್ಯಾಸ ಸರಿದೂಗಿಸಿದಾಗ 12.8. ಸಾಮಾನ್ಯವಾಗಿ ಆಗುವಷ್ಟೇ.

ಹಾಗಾದರೆ ಅಂಕಿ ಬಂದಾಗ ಮೂರು ಕೇಳಿ: ಎಷ್ಟು ಮಂದಿಯಲ್ಲಿ? ಆ ಮಂದಿಯನ್ನು ಹೇಗೆ ಆರಿಸಿದರು? ಲಸಿಕೆ ಪಡೆಯದವರಲ್ಲಿ ಎಷ್ಟು? ಅಮೆರಿಕದಲ್ಲಿ ಯಾರು ಬೇಕಾದರೂ ದೂರು ದಾಖಲಿಸಬಹುದಾದ ಪಟ್ಟಿಯೊಂದಿದೆ. 'ಸರ್ಕಾರದ ದಾಖಲೆಯಲ್ಲೇ ಇಷ್ಟು ಸಾವಿರ ಗರ್ಭಪಾತ' ಎಂಬ ವಿಡಿಯೊಗಳು ಬರುವುದು ಅಲ್ಲಿಂದ. ಅದು ಅನುಮಾನಗಳನ್ನು ಹಿಡಿಯುವ ಬಲೆ, ಸಾಬೀತಾದುದರ ಪಟ್ಟಿಯಲ್ಲ.

ಅಧ್ಯಯನವೇ ಭಯ ಹೇಳಿದಾಗ

ಎಲ್ಲ ಭಯವೂ ವಾಟ್ಸ್‌ಆ್ಯಪಿನದಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರೇ ಒಂದು ಫಲಿತಾಂಶ ಪ್ರಕಟಿಸಿದರು: ಸತತ ಎರಡು ವರ್ಷ ಎಚ್‌1ಎನ್‌1 ಇರುವ ಫ್ಲೂ ಲಸಿಕೆ ಪಡೆದವರಲ್ಲಿ, ಲಸಿಕೆಯಾದ 28 ದಿನದೊಳಗೆ ಗರ್ಭಪಾತ ಹೆಚ್ಚು ಕಂಡಿದೆ ಎಂದು. ಗರ್ಭಪಾತವಾದ ಒಬ್ಬರನ್ನು ಆಗದ ಒಬ್ಬರ ಜೊತೆ ಹೋಲಿಸಿದ 485 ಜೋಡಿಗಳ ಅಧ್ಯಯನ. ಎರಡೂ ವರ್ಷ ಲಸಿಕೆ ಪಡೆದವರ ಉಪಗುಂಪು ಅದರಲ್ಲಿ ಇನ್ನೂ ಚಿಕ್ಕದು. ಅದೇ ತಂಡ ಮೂರು ಋತುಗಳ ಮಾಹಿತಿ ಹಿಡಿದು, ಸಾವಿರದ ಇನ್ನೂರಕ್ಕೂ ಹೆಚ್ಚು ಜೋಡಿಗಳಲ್ಲಿ ಮತ್ತೆ ನೋಡಿ 2019ರಲ್ಲಿ ಪ್ರಕಟಿಸಿತು. ಆ ಸಂಬಂಧ ಕಾಣಲಿಲ್ಲ. ಹುಡುಕಿದರೆ ಇವತ್ತಿಗೂ ಮೊದಲನೆಯದು ಸಿಗುತ್ತದೆ. ಭಯ ಹುಟ್ಟಿಸುವ ಒಂದು ಅಧ್ಯಯನ ಸಿಕ್ಕಿದರೆ ಅದರ ವರ್ಷ ನೋಡಿ, ಅದರ ನಂತರ ಅದೇ ಪ್ರಶ್ನೆಯನ್ನು ಯಾರಾದರೂ ದೊಡ್ಡ ಗುಂಪಿನಲ್ಲಿ ಕೇಳಿದ್ದಾರಾ ಹುಡುಕಿ.

ಕೆಲವು ಸೂಚನೆ ಉಳಿಯುತ್ತವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಟಿಡ್ಯಾಪ್ ಬಗ್ಗೆ ಕ್ಯಾಲಿಫೋರ್ನಿಯಾದ 1,23,494 ಬಸಿರುಗಳ ಅಧ್ಯಯನದಲ್ಲಿ ಗರ್ಭಚೀಲದ ಪೊರೆಯ ಉರಿಯೂತ ಲಸಿಕೆ ಪಡೆದವರಲ್ಲಿ ಶೇ 6.1, ಪಡೆಯದವರಲ್ಲಿ 5.5 ಕಂಡಿತು. ಅವಧಿಪೂರ್ವ ಹೆರಿಗೆ ಹೆಚ್ಚಿರಲಿಲ್ಲ, ಮಗುವಿನ ತೂಕವೂ ಇಳಿದಿರಲಿಲ್ಲ. ಈ ಅಲ್ಪ ವ್ಯತ್ಯಾಸವನ್ನು ನಾಯಿಕೆಮ್ಮಿನ ಎದುರು ಇಟ್ಟು ತೂಗಿದರೆ ಲಸಿಕೆಯ ಕಡೆಯೇ ತೂಕ.

ನಿಜವಾದ ಅಪಾಯ ಕಂಡಾಗ ಏನಾಗುತ್ತದೆ ಎಂಬುದಕ್ಕೆ, ಕೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಎಂಬ ವೈರಾಣುವಿನ ಲಸಿಕೆ ಉದಾಹರಣೆ. ಜಿಎಸ್‌ಕೆ ಕಂಪನಿಯ ಪ್ರಯೋಗದಲ್ಲಿ ಅವಧಿಪೂರ್ವ ಹೆರಿಗೆ ಲಸಿಕೆಯವರಲ್ಲಿ ಶೇ 6.8, ಉಳಿದವರಲ್ಲಿ 4.9 ಬಂದದ್ದರಿಂದ 2022ರಲ್ಲಿ ನಿಲ್ಲಿಸಿದರು. ಫೈಜರ್‌ನ ಅಬ್ರಿಸ್ವೊದಲ್ಲಿ ಅಂತರ ಚಿಕ್ಕದು, 5.7 ಮತ್ತು 4.7. ಅದಕ್ಕೇ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಡುವಾಗ 32ರಿಂದ 36ನೇ ವಾರಕ್ಕೆ ಮಾತ್ರ ಎಂದಿತು. ಬ್ರಿಟನ್ 2024ರ ಸೆಪ್ಟೆಂಬರಿನಿಂದ 28ನೇ ವಾರದಿಂದಲೇ ಕೊಡುತ್ತಿದೆ. ಲಂಡನ್ನಿನಲ್ಲಿರುವ ತಂಗಿಗೆ ಒಂದು ವಾರ, ಡಲ್ಲಾಸ್‌ನಲ್ಲಿರುವ ಅಕ್ಕನಿಗೆ ಇನ್ನೊಂದು ವಾರ ಹೇಳಿದರೆ ಇದೇ ಕಾರಣ. ಇಬ್ಬರೂ ತಮ್ಮ ದೇಶದ ಕ್ರಮವನ್ನೇ ಹಿಡಿಯಲಿ.

ಡಬ್ಬಿಯ ಹಾಳೆ, ಹಳೆಯ ವದಂತಿ, ಸರ್ಕಾರಗಳ ಮಾತು

'ಅಗತ್ಯವಿದ್ದರೆ ಮಾತ್ರ ಗರ್ಭಿಣಿಯರಿಗೆ ಕೊಡಿ' ಎಂಬ ಹಾಳೆಯ ಸಾಲನ್ನು ಎಚ್ಚರಿಕೆ ಎಂದು ಓದಿಕೊಳ್ಳುತ್ತೇವೆ. ಅದು ಕಂಪನಿಯ ಕಾನೂನಿನ ಭಾಷೆ. ಲೈಸೆನ್ಸಿಗಾಗಿ ನಡೆಸಿದ ಪ್ರಯೋಗದಲ್ಲಿ ಬಸುರಿಯರು ಇರಲಿಲ್ಲ, ಆದ್ದರಿಂದ ಅವರ ಬಗ್ಗೆ ಹೇಳಲು ಕಂಪನಿಯ ಬಳಿ ಏನೂ ಇಲ್ಲ ಎಂದಷ್ಟೇ ಅರ್ಥ. ಆಮೇಲೆ ಲಕ್ಷಾಂತರ ಬಸುರಿಯರು ಪಡೆದ ಅನುಭವ ಆ ಹಾಳೆಗೆ ಹತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ಸುರಕ್ಷತಾ ಸಮಿತಿ 2014ರಲ್ಲಿ ಈ ಅನುಭವವನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದೆ.

ಟಿ.ಟಿ.ಯಲ್ಲಿ ಬಂಜೆ ಮಾಡುವ ಔಷಧ ಇದೆ ಎಂಬ ವದಂತಿ ಮೆಕ್ಸಿಕೊ, ಫಿಲಿಪ್ಪೀನ್ಸ್, ಕೆನ್ಯಾಗಳಲ್ಲೂ ಓಡಾಡಿದೆ. ಇದಕ್ಕೆ ಒಂದು ಎಳೆಯ ಆಧಾರ ಉಂಟು: ಗರ್ಭನಿರೋಧಕ ಲಸಿಕೆ ಮಾಡಲು ಹೊರಟ ಸಂಶೋಧಕರು, ದೆಹಲಿಯಲ್ಲಿ ಜಿ.ಪಿ. ತಲವಾರ್ ಅವರ ತಂಡವೂ ಸೇರಿ, ಬಸಿರಿನ ಹಾರ್ಮೋನಾದ ಎಚ್‌ಸಿಜಿಯನ್ನು ಟೆಟನಸ್ ಟಾಕ್ಸಾಯ್ಡ್‌ಗೆ ಅಂಟಿಸಿ ಪ್ರಯೋಗ ಮಾಡಿದ್ದರು. ಗುಟ್ಟಾಗಿ ಅಲ್ಲ, 1994ರಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ಆ ಪ್ರಯೋಗದ ಲಸಿಕೆ ಬೇರೆ, ಉಪಕೇಂದ್ರದ ಟಿ.ಡಿ. ಬೇರೆ. ಲಸಿಕೆಯನ್ನು ಬಸಿರು ಪರೀಕ್ಷೆಯ ಕಿಟ್‌ಗೆ ಹಾಕಿ 'ಪಾಸಿಟಿವ್' ಎಂದು ತೋರಿಸುವ ವಿಡಿಯೊ ಕಂಡರೆ ತಿಳಿಯಿರಿ, ಆ ಕಿಟ್ ರಕ್ತ, ಮೂತ್ರಕ್ಕೆ ಮಾಡಿದ್ದು. ಸಂರಕ್ಷಕ ಬೆರೆಸಿದ ದ್ರವ ಹಾಕಿದರೆ ಅದರ ಫಲಿತಾಂಶಕ್ಕೆ ಅರ್ಥವಿಲ್ಲ. ಆ ಸಂರಕ್ಷಕ ಥಯೊಮರ್ಸಾಲ್. ಹತ್ತು ಡೋಸಿನ ಬಾಟಲಿಗೆ ಪದೇ ಪದೇ ಸೂಜಿ ಹಾಕುವಾಗ ಸೋಂಕು ತಗುಲದಿರಲಿ ಎಂದು ಹಾಕುತ್ತಾರೆ. ಅದರಲ್ಲಿರುವುದು ಎಥಿಲ್ ಪಾದರಸ, ಮೈಯಿಂದ ಬೇಗ ಹೊರಹೋಗುತ್ತದೆ. ಮೀನಿನಲ್ಲಿ ಸೇರಿಕೊಳ್ಳುವ ಮೀಥೈಲ್ ಪಾದರಸ ಬೇರೆ. ಆದರೂ ಮನಸ್ಸು ಒಪ್ಪದಿದ್ದರೆ ಖಾಸಗಿಯಲ್ಲಿ ಒಂದೇ ಡೋಸಿನ ಸಿರಿಂಜ್ ಕೇಳಬಹುದು, ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಲಸಿಕೆಯನ್ನೇ ಬಿಡುವುದಕ್ಕಿಂತ ಅದು ಮೇಲು.

ಸರ್ಕಾರಗಳೇ ಮಾತು ಬದಲಿಸಿದರೆ? 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಬಸುರಿಯರಿಗೆ ಬೇಡ ಎಂದಿದ್ದ ಕೇಂದ್ರ ಸರ್ಕಾರ ಜುಲೈ 2ರಂದು ಹಾಕಿಸಿಕೊಳ್ಳಬಹುದು ಎಂದಿತು. ನಡುವೆ ಎರಡನೇ ಅಲೆ ಬಂದಿತ್ತು, ಹೊರದೇಶಗಳ ಬಸುರಿಯರ ಮಾಹಿತಿ ಸಿಕ್ಕಿತ್ತು. 2025ರ ಮೇ 27ರಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಆರೋಗ್ಯವಂತ ಬಸುರಿಯರಿಗೆ ಕೋವಿಡ್ ಲಸಿಕೆಯ ಶಿಫಾರಸು ಕೈಬಿಟ್ಟಿದ್ದೇವೆ ಎಂದು ಚಿಕ್ಕ ವಿಡಿಯೊದಲ್ಲಿ ಹೇಳಿದರು. ಅಲ್ಲಿನ ಪ್ರಸೂತಿ ತಜ್ಞರ ಸಂಘ ಒಪ್ಪದೆ ಶಿಫಾರಸು ಮುಂದುವರಿಸಿತು. ಬದಲಾದದ್ದು ಮಾಹಿತಿಯೋ, ಕಾಯಿಲೆಯೋ, ಕುರ್ಚಿಯಲ್ಲಿ ಕೂತವರೋ ಎಂದು ನೋಡಿದರೆ ಎರಡು ಬದಲಾವಣೆಗಳ ವ್ಯತ್ಯಾಸ ಕಾಣುತ್ತದೆ. ಇಂಥ ಕಡೆ ದಿನಾ ಬಸುರಿಯರನ್ನು ನೋಡುವ ತಜ್ಞರ ಸಂಘದ ಮಾತಿಗೆ ಹೆಚ್ಚು ತೂಕ ಕೊಡಿ: ಇಲ್ಲಿ ಫಾಗ್ಸಿ, ಅಮೆರಿಕದಲ್ಲಿ ಎಕಾಗ್.

ಡಾಕ್ಟರ ಮುಂದೆ

ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಯಲ್ಲಿ ಡಾಕ್ಟರೇ ಸಿಗುತ್ತಾರೆ, ಆದರೆ ಸಾಲು ಉದ್ದ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. 'ಮೇಡಂ, ಲಸಿಕೆ ಸೇಫಾ?' ಎಂದರೆ 'ಹೂಂ, ಸೇಫ್' ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಬದಲಿಗೆ, 'ಮೇಡಂ, ನನಗೆ ಈಗ 29 ವಾರ, ಎರಡು ಟಿ.ಡಿ. ಆಗಿದೆ, ಟಿಡ್ಯಾಪ್ ಈಗ ತಗೊಂಡ್ರೆ ಮಗೂಗೆ ಏನು ಲಾಭ, ನಂಗೆ ಏನು ತೊಂದ್ರೆ ಆಗಬಹುದು?' ಎಂದು ಕೇಳಿ. ವಿಡಿಯೊ ನೋಡಿ ಭಯ ಬಿದ್ದಿದ್ದರೆ ಮುಚ್ಚುಮರೆ ಬೇಡ, ಅದರಲ್ಲಿದ್ದ ಒಂದೇ ಒಂದು ಮಾತನ್ನು ಹೇಳಿ ಅದರ ಬಗ್ಗೆ ಕೇಳಿ.

ಇವನ್ನು ಕೇಳದಿದ್ದರೂ ನೀವೇ ಹೇಳಬೇಕು: ಹಿಂದೆ ಯಾವುದೇ ಲಸಿಕೆಗೆ ಮೈಯೆಲ್ಲ ದದ್ದು, ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು ಆಗಿದ್ದರೆ, ಲಸಿಕೆಯಾದ ಆರು ವಾರದೊಳಗೆ ಕೈಕಾಲು ಬಲ ಕಳೆದುಕೊಂಡಿದ್ದರೆ, ರಕ್ತ ತೆಳುವಾಗಲು ಹೆಪಾರಿನ್ ತೆಗೆದುಕೊಳ್ಳುತ್ತಿದ್ದರೆ. ನೆಗಡಿ, ಸಣ್ಣ ಕೆಮ್ಮಿಗೆ ಲಸಿಕೆ ಮುಂದೂಡಬೇಕಿಲ್ಲ. ಜೋರು ಜ್ವರ ಇದ್ದರೆ ಇಳಿಯಲಿ.

ಹಾಕಿಸುವ ದಿನ

ಬಾಟಲಿಯ ಮೇಲೆ ದುಂಡನೆಯ ಗುರುತೊಂದಿರುತ್ತದೆ, ಅದರ ನಡುವೆ ಚೌಕ. ಚೌಕದ ಬಣ್ಣ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ಎರಡೂ ಒಂದೇ ಬಣ್ಣವಾಗಿದ್ದರೆ ಬೇಡ ಅನ್ನಿ. ತೆರೆದ ಟಿ.ಡಿ. ಬಾಟಲಿಯನ್ನು ತಣ್ಣಗೆ ಇಟ್ಟಿದ್ದರೆ 28 ದಿನ ಬಳಸಬಹುದು, ತೆರೆದ ತಾರೀಖು ಬರೆದಿರಬೇಕು. ಟಿ.ಡಿ. ಹೆಪ್ಪುಗಟ್ಟಿದರೂ ಕೆಡುತ್ತದೆ, ಅಲುಗಾಡಿಸಿದ ಮೇಲೂ ಚೂರುಚೂರಾಗಿ ಕಂಡರೆ ಕೇಳಿ. 'ಸಿಸ್ಟರ್, ಒಂದ್ಸಲ ಬಾಟಲಿ ತೋರಿಸ್ತೀರಾ?' ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಕಿಸಿಕೊಂಡು ಅರ್ಧ ಗಂಟೆ ಅಲ್ಲೇ ಕೂತಿರಿ. ತೋಳು ನೋವು, ಸಣ್ಣ ಊತ, ಮೈಕೈ ನೋವು ಒಂದೆರಡು ದಿನ ಇರಬಹುದು. ಜ್ವರ ಬಂದರೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಒಂದು ಮಾತ್ರೆ, ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು. ಡೋಲೊ ಕೂಡ ಅದೇ ಔಷಧ, ಎರಡನ್ನೂ ಸೇರಿಸಿ ನುಂಗಬೇಡಿ. ಬಸುರಿಯಲ್ಲಿ ಐಬುಪ್ರೊಫೆನ್ ಬೇಡ, ಐದನೇ ತಿಂಗಳ ಮೇಲೆ ಖಂಡಿತ ಬೇಡ.

ರಕ್ತ ಕಾಣಿಸುವುದು, ನೀರು ಹೋಗುವುದು, ಹೊಟ್ಟೆ ಹಿಂಡುವುದು, ಮಗುವಿನ ಒದೆತ ಕಡಿಮೆಯಾಗುವುದು, ಎರಡು ದಿನ ದಾಟಿದ ಜ್ವರ ಇವು ಕಂಡರೆ 'ಇಂಜೆಕ್ಷನ್ ಕಾವು' ಎಂದು ಮನೆಯಲ್ಲಿ ಕೂರಬೇಡಿ. ಲಸಿಕೆಯ ಮೇಲೆ ಹೊರಿಸಿ ಕಾಯ್ದದ್ದೇ ಅಪಾಯವಾಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ, ಲಸಿಕೆಯ ದಿನವನ್ನೂ ಹೇಳಿ. ಲಸಿಕೆಯಿಂದಲೇ ಆಗಿದೆ ಎಂಬ ಅನುಮಾನ ಇದ್ದರೆ ಆಶಾ, ಆರೋಗ್ಯ ಕೇಂದ್ರದ ಮೂಲಕ ದಾಖಲಿಸಿ, ಅಥವಾ ಔಷಧ ಸುರಕ್ಷತೆಯ ಉಚಿತ ಸಂಖ್ಯೆ 1800-180-3024ಕ್ಕೆ ಕರೆ ಮಾಡಿ.

ಬಸಿರು ಗೊತ್ತಿಲ್ಲದೆ ಎಂ.ಎಂ.ಆರ್. ಆಗಿಬಿಟ್ಟಿದ್ದರೆ

ಗಾಬರಿಯಲ್ಲಿ ಗರ್ಭ ತೆಗೆಸುವ ಮಾತು ಬರುವುದು ಇಲ್ಲಿಯೇ, ಅದು ಬೇಕಾಗಿಲ್ಲ. ಅಮೆರಿಕ 1971ರಿಂದ 1989ರವರೆಗೆ ಇಂಥವರ ದಾಖಲೆ ಇಟ್ಟಿತು. ರುಬೆಲ್ಲಾ ವಿರುದ್ಧ ರಕ್ಷಣೆ ಇಲ್ಲದೆ, ಬಸಿರಿನ ಆಸುಪಾಸಿನಲ್ಲಿ ಲಸಿಕೆ ಪಡೆದ 321 ತಾಯಂದಿರಿಗೆ ಹುಟ್ಟಿದ 324 ಮಕ್ಕಳಲ್ಲಿ ಒಂದಕ್ಕೂ ರುಬೆಲ್ಲಾದ ಅಂಗವೈಕಲ್ಯ ಇರಲಿಲ್ಲ. ರುಬೆಲ್ಲಾ ಕಾಯಿಲೆಯೇ ಮೊದಲ 12 ವಾರದಲ್ಲಿ ಬಂದರೆ ನೂರಕ್ಕೆ 85ರವರೆಗೂ ಮಕ್ಕಳಿಗೆ ತೊಂದರೆಯಾಗಬಹುದು. ಡಾಕ್ಟರಿಗೆ ತಾರೀಖು ತಿಳಿಸಿ, ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ, ಅಷ್ಟು ಸಾಕು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕ ಒಂದು; ಆಗ ಶಾಲೆಯಲ್ಲಿ ಲಸಿಕೆ ಪಡೆದ ಹುಡುಗಿಯರಿಗೆ ಈಗ ಆ ರಕ್ಷಣೆ ಇರುತ್ತದೆ.

ನಾಯಿ ಕಚ್ಚಿದರೆ

ಇಲ್ಲಿ ತೂಗುವುದಕ್ಕೆ ಏನೂ ಇಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದಿಲ್ಲ ಎಂದೇ ಲೆಕ್ಕ. ಲಸಿಕೆ ಜೀವಂತ ಅಲ್ಲ, ಬಸಿರು ಅದಕ್ಕೆ ಅಡ್ಡಿಯೂ ಅಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ತೋಳಿಗೆ ಮಾಂಸಖಂಡದಲ್ಲಿ ಕೊಡುವುದಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ ಎರಡೂ ತೋಳಿಗೆ 0.1 ಮಿ.ಲೀ.ನಂತೆ 0, 3, 7, 28ನೇ ದಿನ. ರಕ್ತ ಬಂದ ಕಡಿತಕ್ಕೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು, ಅದನ್ನೂ ಬಸುರಿಗೆ ಕೊಡುತ್ತಾರೆ. ನಡುವೆ ಹೆರಿಗೆಯಾದರೂ ಉಳಿದ ಡೋಸ್ ಬಿಡುವಂತಿಲ್ಲ, ಹಾಲುಣಿಸುವುದನ್ನೂ ನಿಲ್ಲಿಸಬೇಕಿಲ್ಲ.